ಹೊಸ್ತಿಲ ಮುಂದಿನ ದೊಡ್ಡ ರಾಶಿ: ಪೋಕರ್ ಟೂರ್ನಿಯ ಬಬಲ್ ಹಂತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಮ್ಮದೊಂದು ಹತ್ತು ಜನರ ಗುಂಪಿದೆ. ತಿಂಗಳ ಎರಡನೇ ಶನಿವಾರ, ಬಿಸಿಲು ಇಳಿದು ಮಾಳಿಗೆಯ ಶಹಾಬಾದ್ ಕಲ್ಲು ಕಾಲಿಗೆ ತಾಳುವಷ್ಟು ತಣ್ಣಗಾದ ಮೇಲೆ ಆಟಕ್ಕೆ ಕೂರುತ್ತೇವೆ. ಮೇ ತಿಂಗಳಲ್ಲಿ ಅದಕ್ಕೆ ರಾತ್ರಿ ಒಂಬತ್ತಾಗುತ್ತದೆ. ನಾನು ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಗುಂಪಿಗೆ ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ, ಹಳಬರು ಸೋತಾಗಲೂ ಅವನ್ನೇ ಕೇಳುತ್ತಾರೆ. ಆದ್ದರಿಂದ ಉತ್ತರಗಳನ್ನು ಒಂದೆಡೆ ಬರೆದಿಡುತ್ತಿದ್ದೇನೆ. ಪೋಕರ್ ಆಡುವ ಕ್ರಮ ಗೊತ್ತಿದೆ ಎಂದೇ ಭಾವಿಸಿದ್ದೇನೆ. ಜೋಡಿ ದೊಡ್ಡದೋ ಫ್ಲಶ್ ದೊಡ್ಡದೋ ಎಂಬ ಅನುಮಾನವಿದ್ದವರು ಮೊದಲು ಅದನ್ನು ಬಗೆಹರಿಸಿಕೊಂಡು ಬರಬೇಕು.

ಬಬಲ್ ಎಂದರೆ ಏನು? ನೀವು ಅದನ್ನು ಹೊಸ್ತಿಲು ಎನ್ನುವುದೇಕೆ?

ಟೂರ್ನಿಯಲ್ಲಿ ಬಹುಮಾನ ಎಲ್ಲರಿಗೂ ಇರುವುದಿಲ್ಲ. ನಮ್ಮಲ್ಲಿ ಹತ್ತು ಜನರಲ್ಲಿ ಮೊದಲ ಮೂವರಿಗೆ ಮಾತ್ರ. ನಾಲ್ವರು ಉಳಿದಾಗ ಇನ್ನೊಬ್ಬರು ಹೊರಬಿದ್ದರೆ ಸಾಕು, ಮಿಕ್ಕವರೆಲ್ಲ ಏನಾದರೊಂದು ಕೈಗೆತ್ತಿಕೊಂಡೇ ಮನೆಗೆ ಹೋಗುತ್ತಾರೆ. ಆ ಇಕ್ಕಟ್ಟಿನ ಹಂತವೇ ಬಬಲ್. ಗುಳ್ಳೆ ಎನ್ನುವುದಕ್ಕಿಂತ ಹೊಸ್ತಿಲು ಎನ್ನುವುದೇ ನಮಗೆ ಹಿಡಿಸಿತು, ಏಕೆಂದರೆ ಅಲ್ಲಿ ಹೊರಬಿದ್ದವನ ಮುಖ ನೋಡಿದರೆ ಹೊಸ್ತಿಲು ಎಡವಿದವನಂತೆಯೇ ಇರುತ್ತದೆ. ಮೂರೂವರೆ ತಾಸು ಕುಳಿತು, ಆರು ಜನರನ್ನು ದಾಟಿ ಬಂದು, ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಅಲ್ಲಿಯೇ.

ದುಡ್ಡು ಇಟ್ಟು ಆಡುತ್ತೀರಾ?

ಇಲ್ಲ. ಪ್ರವೇಶಕ್ಕೆ ಒಂದು ಪೈಸೆಯೂ ಇಲ್ಲ. ಯಾರ ಮನೆಯಲ್ಲಿ ಆಟವೋ ಅವರು ಹತ್ತು ಕಿಲೊ ತೊಗರಿಬೇಳೆ ತಂದಿಡುತ್ತಾರೆ. ಮೊದಲನೆಯವರಿಗೆ 5 ಕಿಲೊ, ಎರಡನೆಯವರಿಗೆ 3, ಮೂರನೆಯವರಿಗೆ 2. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅದಕ್ಕಿಂತ ಮರ್ಯಾದೆಯ ಬಹುಮಾನ ಈ ಊರಿನಲ್ಲಿ ಇನ್ನೇನಿದೆ?

ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ಬಗ್ಗೆ ಕೇಳುವವರಿಗೆ ಒಂದೇ ಮಾತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ತೊಡಗಿಸಿ ಆಡುವ ಆನ್‌ಲೈನ್ ಆಟಗಳನ್ನು ಜಾಣ್ಮೆಯ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ನಿಷೇಧಿಸಿದೆ. ಆ ದಾರಿಯನ್ನು ಇಲ್ಲಿ ಹುಡುಕಬೇಡಿ.

ಎಲೆ ಎಲ್ಲರಿಗೂ ಎರಡೇ. ಮತ್ತೆ ದೊಡ್ಡ ರಾಶಿಯವರಿಗೆ ಅಷ್ಟೊಂದು ಹೆದರುವುದೇಕೆ?

ಹೆದರಬೇಕಾದದ್ದು ಎಲೆಗಲ್ಲ, ರಾಶಿಗೆ, ಅಂದರೆ ಅವರ ಮುಂದಿರುವ ಚಿಪ್ಸಿಗೆ (ಪಣದ ಬಿಲ್ಲೆಗಳಿಗೆ). ಅವರು ನಿಮ್ಮನ್ನು ಒಂದೇ ಕೈಯಲ್ಲಿ ಮನೆಗೆ ಕಳುಹಿಸಬಲ್ಲರು, ನೀವು ಅವರನ್ನು ಕಳುಹಿಸಲಾರಿರಿ. ಇಷ್ಟೇ ವ್ಯತ್ಯಾಸ, ಆದರೆ ಹೊಸ್ತಿಲಿನ ಎದುರು ಇದೇ ಎಲ್ಲವೂ ಆಗಿಬಿಡುತ್ತದೆ. ಅವರು ಸೋತರೆ ರಾಶಿ ಸವೆಯುತ್ತದೆ. ನೀವು ಸೋತರೆ ಕುರ್ಚಿಯೇ ಹೋಗುತ್ತದೆ. ಇದನ್ನು ಚೆನ್ನಾಗಿ ಬಲ್ಲ ಆಟಗಾರ ಮೂರು-ಎಂಟು ಬಂದರೂ ರೇಸ್ ಮಾಡುತ್ತಾನೆ, ಅಂದರೆ ಪಣ ಏರಿಸುತ್ತಾನೆ. ಆನೆ ನಡೆದದ್ದೇ ದಾರಿ ಎಂಬಂತೆ ಬ್ಲೈಂಡುಗಳನ್ನು (ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದ ಪಣವನ್ನು) ಬಾಚಿಕೊಂಡು ಹೋಗುತ್ತಾನೆ, ಉಳಿದವರು ಒಳ್ಳೆಯ ಎಲೆಗೆ ಕಾಯುತ್ತ ಕರಗುತ್ತಾರೆ.

ಅದನ್ನು ಅಂಕಿಯಲ್ಲಿ ತೋರಿಸಬಹುದೇ?

ತೋರಿಸುತ್ತೇನೆ. ಇಡೀ ಬರಹದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದೊಂದೇ.

ಹತ್ತು ಜನ, ತಲಾ 1000 ಚಿಪ್ಸ್, ಒಟ್ಟು 10,000. ನಾಲ್ವರು ಉಳಿದಿದ್ದಾರೆ. ದೊಡ್ಡ ರಾಶಿಯವರ ಬಳಿ 5000, ನಿಮ್ಮ ಬಳಿ 2000, ನಿಮ್ಮಂತೆಯೇ ಇನ್ನೊಬ್ಬರ ಬಳಿ 2000, ಕೊನೆಯವರ ಬಳಿ 1000. ಬ್ಲೈಂಡ್ 100 ಮತ್ತು 200 (ಎರಡನೆಯದೇ ಬಿಗ್ ಬ್ಲೈಂಡ್). ಈಗ ಆಟ ನಿಲ್ಲಿಸಿ ಬೇಳೆಯನ್ನು ನ್ಯಾಯವಾಗಿ ಹಂಚುವುದಾದರೆ ಯಾರಿಗೆಷ್ಟು?

ಇದಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಎಂಬ ಲೆಕ್ಕವಿದೆ. ಕುದುರೆ ಓಟದಲ್ಲಿ ಎರಡನೆಯ, ಮೂರನೆಯ ಸ್ಥಾನದ ಸಂಭವ ಹೇಳಲು ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ಕೊಟ್ಟ ಸೂತ್ರವೇ ಇದರ ಬೇರು. 1987ರಲ್ಲಿ ಮೇಸನ್ ಮಾಲ್ಮತ್ ಅದನ್ನು ಪೋಕರಿಗೆ ತಂದರು. ತಿರುಳು ಸರಳ. ನಿಮ್ಮ ಚಿಪ್ಸ್ ಒಟ್ಟು ಚಿಪ್ಸಿನ ಎಷ್ಟನೆಯ ಪಾಲೋ, ಮೊದಲ ಸ್ಥಾನಕ್ಕೆ ನಿಮ್ಮ ಸಂಭವ ಅಷ್ಟು. ಎರಡನೆಯ ಸ್ಥಾನಕ್ಕೆ, ಮೊದಲು ಬಂದವರನ್ನು ಎತ್ತಿಟ್ಟು ಉಳಿದ ಚಿಪ್ಸಿನಲ್ಲಿ ನಿಮ್ಮ ಪಾಲನ್ನು ನೋಡಬೇಕು. ಮೂರನೆಯದಕ್ಕೂ ಹಾಗೆಯೇ. ಪ್ರತಿ ಸ್ಥಾನದ ಸಂಭವವನ್ನು ಆ ಸ್ಥಾನದ ಬೇಳೆಯಿಂದ ಗುಣಿಸಿ ಕೂಡಿದರೆ ಮುಗಿಯಿತು.

ಮೇಲಿನ ಲೆಕ್ಕದಲ್ಲಿ ದೊಡ್ಡ ರಾಶಿಯವರ ಪಾಲು 3.72 ಕಿಲೊ. ನಿಮಗೂ ನಿಮ್ಮ ಜೊತೆಯವರಿಗೂ 2.43 ಕಿಲೊ. ಸಣ್ಣ ರಾಶಿಯವರಿಗೆ 1.42. ಅರ್ಧ ಚಿಪ್ಸ್ ಇಟ್ಟುಕೊಂಡವರಿಗೆ ಅರ್ಧ ಬೇಳೆ ಬರಲಿಲ್ಲ, ಹತ್ತನೇ ಒಂದು ಪಾಲು ಇದ್ದವರಿಗೆ ಅದಕ್ಕಿಂತ ಹೆಚ್ಚೇ ಬಂತು. ಚಿಪ್ಸು ಹೆಚ್ಚಿದಂತೆ ಒಂದೊಂದರ ಬೆಲೆ ಇಳಿಯುತ್ತದೆ. ಮಿಲ್ಲಿನಲ್ಲಿ ಆವಕ ಹೆಚ್ಚಾದ ದಿನ ದರ ಕುಸಿಯುವುದನ್ನು ಕಂಡವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಈಗ ದೊಡ್ಡ ರಾಶಿಯವರು ಆಲ್-ಇನ್ (ಇದ್ದ ಚಿಪ್ಸೆಲ್ಲ ಪಣಕ್ಕೆ) ಎಂದರು, ನೀವು ಕಾಲ್ ಮಾಡಿದಿರಿ, ಅಂದರೆ ನಿಮ್ಮ ಚಿಪ್ಸನ್ನೂ ಹಾಕಿ ಒಪ್ಪಿದಿರಿ. ಗೆದ್ದರೆ ನಿಮ್ಮ ಚಿಪ್ಸ್ 4000, ಆದರೆ ಬೇಳೆ 4.86 ಆಗುವುದಿಲ್ಲ, 3.36 ಆಗುತ್ತದೆ. ಸೋತರೆ ಸೊನ್ನೆ. ಅಂದರೆ 0.93 ಕಿಲೊ ಗಳಿಸಲು 2.43 ಕಿಲೊ ಪಣಕ್ಕಿಟ್ಟಿರಿ. ಈ ವ್ಯಾಪಾರದಲ್ಲಿ ನಷ್ಟವಾಗಬಾರದು ಎಂದರೆ ನೀವು ನೂರಕ್ಕೆ 72 ಸಲಕ್ಕಿಂತ ಹೆಚ್ಚು ಗೆಲ್ಲಬೇಕು.

ಅವರ ಕಡೆಯ ಲೆಕ್ಕ ನೋಡಿ. ಗೆದ್ದರೆ 3.72ರಿಂದ 4.35ಕ್ಕೆ ಏರುತ್ತಾರೆ, ಸೋತರೆ 2.95ಕ್ಕೆ ಇಳಿಯುತ್ತಾರೆ. ಅವರಿಗೆ ನೂರಕ್ಕೆ 55 ಸಾಕು. ನಿಮಗೆ 72, ಅವರಿಗೆ 55. ಆ ನಡುವಿನ 17ರಲ್ಲೇ ಅವರು ರಾತ್ರಿಯಿಡೀ ಊಟ ಮಾಡುತ್ತಾರೆ.

ಹಾಗಾದರೆ ಅವರ ಆಲ್-ಇನ್‌ಗೆ ಯಾವ ಎಲೆಯಲ್ಲಿ ಕಾಲ್ ಮಾಡಬಹುದು?

ಅವರು ಎಲೆ ನೋಡದೆಯೇ, ಬಂದ ಎರಡಕ್ಕೂ ಆಲ್-ಇನ್ ಹೇಳುತ್ತಾರೆ ಎಂದೇ ಇಟ್ಟುಕೊಳ್ಳೋಣ. ಯಾವುದೋ ಎರಡು ಎಲೆಯ ಎದುರು ಎಕ್ಕದ ಜೋಡಿ ನೂರಕ್ಕೆ 85 ಸಲ ಗೆಲ್ಲುತ್ತದೆ, ಗುಲಾಮನ ಜೋಡಿ 77, ಹತ್ತರ ಜೋಡಿ 75, ಒಂಬತ್ತರದು 72, ಎಂಟರದು 69. ನೀವು ಬಿಗ್ ಬ್ಲೈಂಡಿನಲ್ಲಿದ್ದು 200 ಆಗಲೇ ಹಾಕಿದ್ದರೆ ಬೇಕಾದ ಪಾಲು 72ರಿಂದ ಸುಮಾರು 69ಕ್ಕೆ ಇಳಿಯುತ್ತದೆ. ಅಂದರೆ ಹುಚ್ಚನ ಹಾಗೆ ತಳ್ಳುವವರ ಎದುರಿಗೂ ಎಂಟರ ಜೋಡಿ ತೂಗುಯ್ಯಾಲೆಯಲ್ಲಿರುತ್ತದೆ. ಅವರು ಸ್ವಲ್ಪ ಆರಿಸಿ ತಳ್ಳುವವರಾದರೆ ಹತ್ತರ ಜೋಡಿಯೂ ಯೋಚಿಸಬೇಕಾದ ಎಲೆಯೇ.

ಎಕ್ಕ-ರಾಜ ಬಂದರೂ ಎಸೆಯಬೇಕೇ? ನಂಬಲಾಗುತ್ತಿಲ್ಲ.

ನನಗೂ ನಂಬಿಕೆ ಬಂದಿರಲಿಲ್ಲ. ಹೋದ ವರ್ಷದ ಶ್ರಾವಣದಲ್ಲಿ ಇದೇ 2000 ಚಿಪ್ಸ್ ಇಟ್ಟುಕೊಂಡು ಕುಳಿತಿದ್ದೆ. ಎದುರಿಗೆ ಗಂಜಿನಲ್ಲಿ ಅಡತಿ ನಡೆಸುವ ಕಾಕಾ, ಮುಂದೆ ಬೆಟ್ಟದಂಥ ರಾಶಿ. ನಾಲ್ಕು ಕೈಗಳಿಂದ ಸತತವಾಗಿ ಆಲ್-ಇನ್ ಎನ್ನುತ್ತಿದ್ದರು, ಜೊತೆಗೆ ಪ್ರತಿ ಸಲವೂ ಶೇಂಗಾ ಬಾಯಿಗೆ ಎಸೆದುಕೊಳ್ಳುತ್ತಿದ್ದರು. ಆ ಶೇಂಗಾವೇ ನನ್ನ ತಲೆ ಕೆಡಿಸಿತು ಎನ್ನಬೇಕು. ಐದನೆಯ ಸಲ ನನಗೆ ಎಕ್ಕ-ರಾಜ ಬಂತು, ಬೇರೆ ಬೇರೆ ರಂಗಿನದು. ಕಾಲ್ ಎಂದೆ. ಅವರು ಏಳು-ನಾಲ್ಕು ತೋರಿಸಿದರು. ಮೇಜಿನ ಮೂರನೆಯ ಎಲೆಗೆ ನಾಲ್ಕು ಬಿತ್ತು, ಆಮೇಲೆ ನನಗೆ ಏನೂ ಬೀಳಲಿಲ್ಲ.

ಎಲ್ಲರೂ ನನ್ನ ಅದೃಷ್ಟಕ್ಕೆ ಮರುಗಿದರು. ಮನೆಗೆ ಬಂದು ಲೆಕ್ಕ ಹಾಕಿದಾಗ ತಿಳಿಯಿತು, ಮರುಗಬೇಕಾದದ್ದು ಅದೃಷ್ಟಕ್ಕಲ್ಲ. ಬೇರೆ ರಂಗಿನ ಎಕ್ಕ-ರಾಜ ಯಾವುದೋ ಎರಡು ಎಲೆಯ ಎದುರು ಗೆಲ್ಲುವುದು ನೂರಕ್ಕೆ 65 ಸಲ, ಒಂದೇ ರಂಗಿನದಾದರೆ 67. ನನಗೆ ಬೇಕಿದ್ದದ್ದು ಕಡಿಮೆಯೆಂದರೂ 69. ಕಾಕಾ ಎಲೆ ನೋಡದೆ ಆಡುತ್ತಿದ್ದಾರೆ ಎಂದು ಆಣೆ ಇಟ್ಟು ಹೇಳಿದ್ದರೂ ಅದು ಎಸೆಯಬೇಕಾದ ಎಲೆಯೇ ಆಗಿತ್ತು. ಆ ಹೊತ್ತಿಗೆ ಸಣ್ಣ ರಾಶಿಯ ವಕೀಲರ ಬಳಿ ಮೂರು ಬಿಗ್ ಬ್ಲೈಂಡೂ ಉಳಿದಿರಲಿಲ್ಲ ಎಂಬುದನ್ನು ಸೇರಿಸಿಕೊಂಡರೆ ನನ್ನ ತಪ್ಪು ಇನ್ನೂ ದೊಡ್ಡದು.

ಆದರೆ ಇದನ್ನು ಮಂತ್ರವಾಗಿ ಹಿಡಿಯಬೇಡಿ. ನಾಲ್ವರ ಬಳಿಯೂ ಸಮನಾಗಿ 2500 ಇದ್ದರೆ ಬೇಕಾದ ಪಾಲು 65 ಮಾತ್ರ. ಟೂರ್ನಿಯ ಆರಂಭದಲ್ಲಿ 50ರ ಆಸುಪಾಸು. ಅಲ್ಲಿ ಎಕ್ಕ-ರಾಜವನ್ನು ಎಸೆದರೆ ನಿಮ್ಮನ್ನು ಗುಂಪಿನಿಂದಲೇ ಕಳುಹಿಸುತ್ತೇವೆ.

ಹೊಸ್ತಿಲಿನಲ್ಲಿ ಇಬ್ಬರು ಕಾದಾಡಿದರೆ ಯಾರಿಗೆ ಲಾಭ?

ಸುಮ್ಮನೆ ಕುಳಿತವರಿಗೆ. ನೀವು ಮತ್ತು ದೊಡ್ಡ ರಾಶಿಯವರು ಸೆಣಸಿ ನೀವು ಹೊರಬಿದ್ದಿರಿ ಎನ್ನಿ. ಬೆರಳೂ ಅಲುಗಿಸದ ಸಣ್ಣ ರಾಶಿಯವರ ಪಾಲು 1.42ರಿಂದ 2.56 ಕಿಲೊಗೆ ಏರುತ್ತದೆ. ಇನ್ನೊಬ್ಬ ನಡುರಾಶಿಯವರದು 2.43ರಿಂದ 3.09ಕ್ಕೆ. ನಿಮ್ಮ 2.43ರಲ್ಲಿ ಗೆದ್ದವರಿಗೆ ಹೋದದ್ದು 0.63 ಮಾತ್ರ; ಉಳಿದ 1.8 ಕಿಲೊ ಮಿರ್ಚಿ ಭಜಿ ತಿನ್ನುತ್ತ ನೋಡುತ್ತಿದ್ದವರಿಗೆ ಹೋಯಿತು. ಕಾಕಾ ಅವರ ಮೇಲೆ ಸಿಟ್ಟಾಗಿ ಕಾಲ್ ಮಾಡಿದ ನಾನು ಅಂದು ನಿಜಕ್ಕೂ ದಾನ ಮಾಡಿದ್ದು ವಕೀಲರಿಗೆ.

ಅಂದರೆ ಕೈಕಟ್ಟಿ ಕೂತಿರಬೇಕೇ?

ಇಲ್ಲ. ಇಲ್ಲಿಯೇ ಹೆಚ್ಚಿನವರು ಎಡವುವುದು. "ಕಾಲ್ ಕಡಿಮೆ ಮಾಡಿ" ಎಂದರೆ "ಆಟ ಬಿಡಿ" ಎಂದು ಕೇಳಿಸಿಕೊಳ್ಳುತ್ತಾರೆ. ಕಾಲ್ ಮಾಡುವವರಿಗೆ ಗೆಲ್ಲಲು ಒಂದೇ ದಾರಿ, ಎಲೆ ಗೆಲ್ಲಬೇಕು. ಮೊದಲು ತಳ್ಳುವವರಿಗೆ ಎರಡು ದಾರಿ, ಎದುರಿನವರು ಎಸೆಯಬಹುದು ಅಥವಾ ಎಲೆ ಗೆಲ್ಲಬಹುದು. ನಿಮಗೆ ಕಾಲ್ ಮಾಡಲು 72 ಬೇಕಾದಂತೆಯೇ, ನಿಮ್ಮಷ್ಟೇ ಚಿಪ್ಸ್ ಇರುವ ಇನ್ನೊಬ್ಬ ನಡುರಾಶಿಯವರಿಗೂ ನಿಮ್ಮ ಆಲ್-ಇನ್ ಎದುರು ಹೆಚ್ಚುಕಡಿಮೆ ಅಂಥದೇ ಬಿಗಿ ಇದೆ. ದೊಡ್ಡ ರಾಶಿಯವರು ಎಲೆ ಎಸೆದ ಮೇಲೆ ಆ ನಡುರಾಶಿಯವರ ಬ್ಲೈಂಡಿನ ಮೇಲೆ ನೀವು ಮೊದಲು ತಳ್ಳಿದರೆ, ಆ ಹೊತ್ತಿಗೆ ದೊಡ್ಡ ರಾಶಿ ನೀವೇ.

ದೊಡ್ಡ ರಾಶಿಯವರ ಮೇಲೂ ಮರುದಾಳಿ ಸಾಧ್ಯ. ಬಟನ್‌ನಿಂದ (ಎಲೆ ಹಂಚುವವರ ಜಾಗದಿಂದ) ಅವರು 450ಕ್ಕೆ ರೇಸ್ ಮಾಡಿದರು, ನೀವು ಬಿಗ್ ಬ್ಲೈಂಡಿನಿಂದ 2000 ಪೂರ್ತಿ ತಳ್ಳಿದಿರಿ, ಅವರು ಎಸೆದರು. ಒಂದು ಎಲೆಯನ್ನೂ ತೋರಿಸದೆ ನಿಮ್ಮ 2000 ಈಗ 2550. ಅವರು ಹತ್ತರಲ್ಲಿ ಆರು ಕೈಗೆ ರೇಸ್ ಮಾಡಿ, ಆಲ್-ಇನ್ ಬಂದಾಗ ಎರಡಕ್ಕೆ ಮಾತ್ರ ನಿಲ್ಲುವವರಾದರೆ ಮೂರರಲ್ಲಿ ಎರಡು ಸಲ ಎಸೆಯುತ್ತಾರೆ. ಸೋತರೆ ಮುಕ್ಕಾಲು ಕಿಲೊಗಿಂತ ಹೆಚ್ಚು ಅವರ ಕೈಯಿಂದಲೂ ಹೋಗುತ್ತದೆ ಎಂಬುದನ್ನು ಮರೆಯಬೇಡಿ, ಅವರೂ ಮರೆತಿರುವುದಿಲ್ಲ.

ಮರುದಾಳಿಗೆ ಎಂಥ ಎಲೆ ಬೇಕು? ಎಷ್ಟು ಚಿಪ್ಸ್ ಇರಬೇಕು?

ಚಿಪ್ಸಿನ ಮಾತು ಮೊದಲು. ಹತ್ತರಿಂದ ಇಪ್ಪತ್ತು ಬಿಗ್ ಬ್ಲೈಂಡ್ ಇದ್ದಾಗ ಈ ಪಟ್ಟು ಚೆನ್ನಾಗಿ ಕೂರುತ್ತದೆ. ಆರೇಳಕ್ಕೆ ಇಳಿದ ಮೇಲೆ, ಆಗಲೇ 450 ಹಾಕಿದವರು ಇನ್ನಷ್ಟು ಹಾಕಿ ನೋಡಿಯೇ ಬಿಡುತ್ತಾರೆ, ಅವರನ್ನು ಹೆದರಿಸಲು ನಿಮ್ಮ ಬಳಿ ಏನೂ ಉಳಿದಿರುವುದಿಲ್ಲ. ಒಳ್ಳೆಯ ಎಲೆಗೆ ಕಾಯುತ್ತ ಆ ಮಟ್ಟಕ್ಕೆ ಕರಗುವುದೇ ನಡುರಾಶಿಯವರ ದೊಡ್ಡ ಖಾಯಿಲೆ.

ಎಲೆಯ ವಿಷಯದಲ್ಲಿ ಎಕ್ಕ ಒಂದು ಇದ್ದರೆ ಅನುಕೂಲ. ಅದರ ಬಲಕ್ಕಿಂತಲೂ, ಅದು ಅವರ ಬಳಿ ಇಲ್ಲ ಎಂಬುದಕ್ಕೆ. ನಾಲ್ಕು ಎಕ್ಕಗಳಿಂದ ಎಕ್ಕದ ಜೋಡಿ ಆರು ಬಗೆಯಲ್ಲಿ ಆಗಬಹುದು; ಒಂದು ನಿಮ್ಮ ಕೈಯಲ್ಲಿದ್ದರೆ ಮೂರೇ ಬಗೆ. ಎಕ್ಕ-ರಾಜ ಹದಿನಾರು ಬಗೆಯಿಂದ ಹನ್ನೆರಡಕ್ಕೆ ಇಳಿಯುತ್ತದೆ. ಕಾಲ್ ಮಾಡಬಲ್ಲ ಎಲೆಗಳೇ ಅವರಿಗೆ ಕಡಿಮೆಯಾದವು. ಒಂದೇ ರಂಗಿನ ಎಕ್ಕ-ಐದು ಇಂಥದಕ್ಕೆ ಹೇಳಿಮಾಡಿಸಿದ ಎಲೆ, ಒಂಬತ್ತರ ಜೋಡಿಗೆ ಸಿಕ್ಕಿಬಿದ್ದರೂ ಮೂರರಲ್ಲಿ ಒಂದು ಸಲ ಗೆದ್ದು ಬರುತ್ತದೆ. ಇದೇ ಎಲೆಯಲ್ಲಿ ಅವರ ಆಲ್-ಇನ್‌ಗೆ ಕಾಲ್ ಮಾಡುವುದು ಮಾತ್ರ ಶುದ್ಧ ಮೂರ್ಖತನ.

ಎದುರಿನವರು ಯಾರು ಎಂಬುದು ಎಲೆಗಿಂತ ಮುಖ್ಯ. ಕಾಕಾ ಒಮ್ಮೆ ರೇಸ್ ಮಾಡಿದ ಮೇಲೆ ಎಸೆಯುವ ಜಾತಿಯವರಲ್ಲ. ಅವರ ಮೇಲೆ ಮರುದಾಳಿ ಮಾಡಬೇಡಿ, ನಿಜವಾದ ಎಲೆ ಬಂದಾಗ ತಳ್ಳಿ ಸಂಬಳ ಪಡೆಯಿರಿ. ಗಣಿತದ ಮಾಸ್ತರರು ಹಾಗಲ್ಲ, ಲೆಕ್ಕ ಬಲ್ಲವರು ಎಸೆಯುತ್ತಾರೆ. ಲೆಕ್ಕ ಬಾರದವರ ಮೇಲೆ ಲೆಕ್ಕದ ಪಟ್ಟು ನಡೆಯುವುದಿಲ್ಲ.

ದೊಡ್ಡ ರಾಶಿಯವರು ನನ್ನ ಎಡಕ್ಕಿದ್ದರೆ ಒಳ್ಳೆಯದೋ ಬಲಕ್ಕೋ?

ಬಲಕ್ಕಿರಲಿ. ಆಟ ಎಡಕ್ಕೆ ಸರಿಯುವುದರಿಂದ, ಬಲಕ್ಕಿದ್ದವರು ಸಾಮಾನ್ಯವಾಗಿ ನಿಮಗಿಂತ ಮೊದಲು ಮಾತಾಡುತ್ತಾರೆ, ನೀವು ನೋಡಿ ನಿರ್ಧರಿಸುತ್ತೀರಿ. ಎಡಕ್ಕಿದ್ದರೆ ನೀವು ಏನು ಮಾಡಿದರೂ ಬೆನ್ನ ಹಿಂದೆ ಅವರಿರುತ್ತಾರೆ. ಆಗ ರೇಸ್ ಮಾಡಿ ಆಮೇಲೆ ಎಸೆಯುವ ಆಟ ಬೇಡ. ಕಡಿಮೆ ಕೈಗಳನ್ನು ಆಡಿ, ಆಡಿದವನ್ನು ಒಮ್ಮೆಲೇ ತಳ್ಳಿ. ಸೀಟು ಚೀಟಿ ಎತ್ತಿ ಬಂದದ್ದು, ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ.

ಆಲ್-ಇನ್ ಬೇಡ, ಬರೀ ಕಾಲ್ ಮಾಡಿ ಮೇಜಿನ ಮೊದಲ ಮೂರು ಎಲೆ ನೋಡಿದರೆ ಆಗದೇ?

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. 2000ದಲ್ಲಿ 450 ಹಾಕಿ ನೋಡಿದಿರಿ, ನಿಮ್ಮ ಎಲೆಗೆ ಜೋಡಿ ಬೀಳುವುದು ಮೂರರಲ್ಲಿ ಒಂದು ಸಲ. ಉಳಿದ ಎರಡು ಸಲ ಅವರು ಏನಾದರೂ ಕಟ್ಟಿದರೆ ಎಸೆಯುತ್ತೀರಿ, ರಾಶಿಯ ಕಾಲು ಭಾಗ ಹೋಯಿತು. ಬಿದ್ದಾಗಲೂ ನೆಮ್ಮದಿಯಿಲ್ಲ, ಏಕೆಂದರೆ ಅವರು ಆಲ್-ಇನ್ ಎಂದರೆ ಮತ್ತೆ ಅದೇ 72ರ ಪ್ರಶ್ನೆ. ಬಿಗ್ ಬ್ಲೈಂಡಿನಲ್ಲಿದ್ದು ಅವರು ರೇಸ್ ಮಾಡದೆ ಬಿಟ್ಟಾಗ ಪುಕ್ಕಟೆ ನೋಡುವುದು ಬೇರೆ ಮಾತು.

ನನಗಿಂತ ಸಣ್ಣ ರಾಶಿಯವರು ಇದ್ದಾಗ ಎಷ್ಟು ಹೊತ್ತು ಕಾಯಬಹುದು?

ಅವರ ಚಿಪ್ಸ್ ಎಣಿಸಿ, ಬ್ಲೈಂಡ್ ಅವರ ಬಳಿಗೆ ಯಾವಾಗ ಬರುತ್ತದೆ ಎಂದು ನೋಡಿ. ನಾಲ್ವರ ಆಟದಲ್ಲಿ ಒಂದು ಸುತ್ತು ನಾಲ್ಕು ಕೈ, ಒಂದು ಸುತ್ತಿಗೆ ಒಬ್ಬರಿಂದ 300 ಹೋಗುತ್ತದೆ. 1000 ಇರುವವರು ಏನೂ ಆಡದಿದ್ದರೂ ಮೂರು ಸುತ್ತಿಗೆ 100ಕ್ಕೆ ಬರುತ್ತಾರೆ. ಅವರು ಅದಕ್ಕಿಂತ ಮೊದಲೇ ತಳ್ಳಲೇಬೇಕು. ಆದರೆ ನಿಮ್ಮಿಂದಲೂ ಅದೇ 300 ಹೋಗುತ್ತಿರುತ್ತದೆ, ಅವರು ಒಮ್ಮೆ ತಳ್ಳಿ ಗೆದ್ದರೆ ನೀವೇ ಸಣ್ಣ ರಾಶಿಯವರು. ಅವರು ಮುಂದಿನ ಎರಡು ಕೈಯಲ್ಲಿ ಬ್ಲೈಂಡಿಗೆ ಸಿಕ್ಕುತ್ತಾರೆ ಎಂದರೆ ಕಾಯಿರಿ. ಇನ್ನೂ ಎರಡು ಸುತ್ತು ತಾಳುತ್ತಾರೆ ಎಂದರೆ ಕಾಯುವುದಕ್ಕೆ ಅರ್ಥವಿಲ್ಲ.

ಸಣ್ಣ ರಾಶಿಯವನು ನಾನೇ ಆದರೆ?

ಬ್ಲೈಂಡ್ ನಿಮ್ಮ ಮೇಲೆ ಬರುವ ಮುನ್ನವೇ ತಳ್ಳಿ. ನಡುರಾಶಿಯವರ ಬ್ಲೈಂಡಿನ ಮೇಲೆ ತಳ್ಳಿ, ದೊಡ್ಡ ರಾಶಿಯವರ ಮೇಲೆ ಬೇಡ. ನಿಮ್ಮ ಐದು ಬಿಗ್ ಬ್ಲೈಂಡ್ ಅವರಿಗೆ ಚಿಲ್ಲರೆ, ಕುತೂಹಲಕ್ಕಾಗಿಯಾದರೂ ಕಾಲ್ ಮಾಡುತ್ತಾರೆ.

ಒಂದು ವೇಳೆ ದೊಡ್ಡ ರಾಶಿ ನನ್ನದಾದರೆ?

ಅಪರೂಪಕ್ಕೆ ಒಳ್ಳೆಯ ಪ್ರಶ್ನೆ. ನಡುರಾಶಿಯವರನ್ನೇ ಹಿಂಡಿ, ಕಳೆದುಕೊಳ್ಳಲು ಇರುವುದು ಅವರಿಗೇ. ಕೊನೆಯ ಉಸಿರಿನಲ್ಲಿರುವವರ ಮೇಲೆ ಬರಿಗೈಯಲ್ಲಿ ತಳ್ಳಬೇಡಿ, ಅವರು ಕಣ್ಣುಮುಚ್ಚಿ ಕಾಲ್ ಮಾಡುತ್ತಾರೆ. ಇನ್ನೊಂದು ದೊಡ್ಡ ರಾಶಿ ಇದ್ದರೆ ಅವರೊಂದಿಗೆ ಸೆಣಸಬೇಡಿ, ನಿಮ್ಮನ್ನು ಹೊರಹಾಕಬಲ್ಲವರು ಅವರೊಬ್ಬರೇ.

ಇನ್ನೊಂದು ಸೂಕ್ಷ್ಮವಿದೆ. ಸಣ್ಣ ರಾಶಿಯವರು ಬದುಕಿರುವಷ್ಟು ಹೊತ್ತು ಮಾತ್ರ ನಡುರಾಶಿಯವರು ಹೆದರಿ ಎಸೆಯುತ್ತಿರುತ್ತಾರೆ. ಸಣ್ಣ ರಾಶಿಯವರು ಹೊರಬಿದ್ದ ಗಳಿಗೆಯಿಂದ ನಿಮ್ಮ ಸುಂಕ ವಸೂಲಿ ನಿಂತಿತು. ಆದ್ದರಿಂದ ಅವರ ಆಲ್-ಇನ್‌ಗೆ ತೀರಾ ಸಡಿಲವಾಗಿ ಕಾಲ್ ಮಾಡಿ ಹೊಸ್ತಿಲನ್ನು ಬೇಗ ದಾಟಿಸುವ ಅವಸರ ನಿಮಗಿರಬಾರದು. ಕಾಕಾ ಇದನ್ನು ಯಾವ ಲೆಕ್ಕವೂ ಇಲ್ಲದೆ ಬಲ್ಲರು. ವಕೀಲರನ್ನು ಅವರು ಮುಕ್ಕಾಲು ತಾಸು ಉಪ್ಪಿನಕಾಯಿಯ ಹಾಗೆ ಇಟ್ಟುಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ.

ನನ್ನ ಅಣ್ಣನೇ ದೊಡ್ಡ ರಾಶಿಯವನು. ನನ್ನ ಮೇಲೆ ಸ್ವಲ್ಪ ಕನಿಕರ ತೋರಿಸು ಎಂದರೆ ತಪ್ಪೇ?

ತಪ್ಪು. ಒಬ್ಬರಿಗೊಬ್ಬರು ಬಿಟ್ಟುಕೊಡುವುದು ಮೂರನೆಯವರ ಬೇಳೆಯನ್ನು ಕದ್ದಂತೆ. ಸಣ್ಣ ರಾಶಿಯವರು ಆಲ್-ಇನ್ ಇದ್ದಾಗ ಉಳಿದ ಇಬ್ಬರು ತಮ್ಮಷ್ಟಕ್ಕೆ ತಾವು ಏನೂ ಕಟ್ಟದೆ ಐದೂ ಎಲೆ ನೋಡುವುದು ಸಹಜವಾದ ಆಟ; "ನಾವಿಬ್ಬರೂ ಕಟ್ಟುವುದು ಬೇಡ" ಎಂದು ಬಾಯಿಬಿಟ್ಟು ಹೇಳುವುದು ಒಳಒಪ್ಪಂದ. ನಮ್ಮಲ್ಲಿ ಮಾವ-ಅಳಿಯ ಜೋಡಿ ಒಂದಿದೆ. ಅಳಿಯ ಮಾವನನ್ನು ಹೊಸ್ತಿಲಿನಲ್ಲಿ ಎರಡು ಸಲ ಹೊರಹಾಕಿದ್ದಾನೆ, ಹಬ್ಬದ ಊಟಕ್ಕೆ ಕರೆ ನಿಂತಿಲ್ಲ.

ಎರಡು ಮೇಜುಗಳಿದ್ದಾಗ ಹೊಸ್ತಿಲನ್ನು ಹೇಗೆ ನಡೆಸುತ್ತೀರಿ?

ದಸರಾ ರಜೆಯಲ್ಲಿ ಬೀದರ್, ಯಾದಗಿರಿಯ ಕಡೆಯ ನೆಂಟರಿಷ್ಟರು ಸೇರಿ ಹದಿನೆಂಟು ಇಪ್ಪತ್ತು ಜನ ಆಗುತ್ತೇವೆ. ಹೊಸ್ತಿಲು ಹತ್ತಿರವಾದಾಗ ಒಂದು ಮೇಜಿನವರು ಬೇಕೆಂದೇ ನಿಧಾನ ಮಾಡಿ ಇನ್ನೊಂದು ಮೇಜಿನಲ್ಲಿ ಯಾರಾದರೂ ಬೀಳಲಿ ಎಂದು ಕಾಯುತ್ತಾರೆ. ಅದಕ್ಕಾಗಿ ಎರಡೂ ಮೇಜಿನಲ್ಲಿ ಒಂದೊಂದೇ ಕೈ ಹಂಚಿ, ಎರಡೂ ಮುಗಿದ ಮೇಲೆಯೇ ಮುಂದಿನದನ್ನು ಹಂಚುತ್ತೇವೆ. ದೊಡ್ಡ ಟೂರ್ನಿಗಳಲ್ಲೂ ಇದೇ ಪದ್ಧತಿ. ಬೇರೆ ಮೇಜಿನ ರಾಶಿಗಳನ್ನು ಎದ್ದು ಹೋಗಿ ನೋಡಿ ಬನ್ನಿ, ಅದಕ್ಕೆ ಅಡ್ಡಿಯಿಲ್ಲ. ಅಲ್ಲಿ ನಿಮಗಿಂತ ಬಡವರು ಇಬ್ಬರಿದ್ದಾರೆ ಎಂಬ ಸುದ್ದಿ ಕೈಯಲ್ಲಿನ ಎಂಟರ ಜೋಡಿಗಿಂತ ದೊಡ್ಡದು.

ಎಕ್ಕದ ಜೋಡಿಯನ್ನೂ ಎಸೆಯುವ ಸಂದರ್ಭ ಇದೆಯಂತೆ, ನಿಜವೇ?

ಬಹುಮಾನಗಳೆಲ್ಲ ಸಮನಾಗಿದ್ದರೆ ನಿಜ. ದಸರಾ ಆಟದಲ್ಲಿ ನಾವು ನಾಲ್ವರಿಗೆ ತಲಾ ಎರಡೂವರೆ ಕಿಲೊ ಇಡುತ್ತೇವೆ. ಅಲ್ಲಿ ಮೊದಲನೆಯವರಿಗೂ ನಾಲ್ಕನೆಯವರಿಗೂ ಅಷ್ಟೇ. ಐವರು ಉಳಿದಾಗ ನಿಮ್ಮದು ಎರಡನೆಯ ದೊಡ್ಡ ರಾಶಿ, ಕೊನೆಯವರ ಬಳಿ ಒಂದು ಬಿಗ್ ಬ್ಲೈಂಡ್. ಎಲೆ ಮುಟ್ಟದೆ ಕುಳಿತರೂ ಬಹುಮಾನ ಬಹುತೇಕ ಖಚಿತ. ದೊಡ್ಡ ರಾಶಿಯವರು ಆಲ್-ಇನ್ ಎಂದಾಗ ಎಕ್ಕದ ಜೋಡಿಯಲ್ಲಿ ಕಾಲ್ ಮಾಡಿದರೆ ನೂರಕ್ಕೆ 15 ಸಲವಾದರೂ ಹೊರಬೀಳುತ್ತೀರಿ, ಗೆದ್ದರೆ ಒಂದು ಕಾಳೂ ಹೆಚ್ಚು ಸಿಗುವುದಿಲ್ಲ. ಎಸೆಯಿರಿ, ಆದರೆ ಎಲ್ಲರಿಗೂ ತೋರಿಸಿ ಎಸೆಯಬೇಡಿ. ಮುಂದಿನ ತಿಂಗಳೂ ಅವರೊಂದಿಗೇ ಆಡಬೇಕು.

ಐಸಿಎಂ ಹೇಳಿದ್ದೇ ಕೊನೆಯ ಮಾತೇ?

ಅಲ್ಲ. ಮುಂದಿನ ಕೈಗೆ ಬ್ಲೈಂಡ್ ಯಾರ ಮೇಲೆ ಬರುತ್ತದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಯಾರು ಜಾಣರು, ಯಾರು ನಿದ್ದೆಗಣ್ಣಿನಲ್ಲಿದ್ದಾರೆ ಎಂಬುದೂ ತಿಳಿಯದು. ಎಲ್ಲರೂ ಸಮಾನ ಆಟಗಾರರು ಎಂದೇ ಅದು ನಂಬಿದೆ. ದೊಡ್ಡ ರಾಶಿಯವರು ಇನ್ನೂ ಅರ್ಧ ತಾಸು ಎಲ್ಲರನ್ನೂ ಹಿಂಡಬಲ್ಲರು ಎಂಬ ಲಾಭವನ್ನೂ ಎಣಿಸುವುದಿಲ್ಲ. 72 ಎಂದು ಬಂದಲ್ಲಿ ನಿಮ್ಮ ಎಲೆ 71 ಇದ್ದರೆ ಮೇಜಿನ ಸುತ್ತಲಿನ ಮುಖಗಳನ್ನು ನೋಡಿ ನಿರ್ಧರಿಸಿ. 60 ಇದ್ದರೆ ಮುಖ ನೋಡುವ ಅಗತ್ಯವಿಲ್ಲ. ಮೇಜಿನಲ್ಲಿ ಕುಳಿತು ಈ ಲೆಕ್ಕವನ್ನು ಪೂರ್ತಿ ಹಾಕಲು ಮಾಸ್ತರರಿಗೂ ಆಗುವುದಿಲ್ಲ. ಮನೆಯಲ್ಲಿ ಐದಾರು ಮಾದರಿಗಳನ್ನು ಹಾಕಿಟ್ಟುಕೊಂಡರೆ ಅಂದಾಜು ಕೈಗೆ ಕೂರುತ್ತದೆ.

ಹೊಸ್ತಿಲು ದಾಟಿದ ಮೇಲೆ?

ಒಮ್ಮೆಲೇ ಗಾಳಿ ಬದಲಾಗುತ್ತದೆ. ಅಷ್ಟು ಹೊತ್ತು ಉಸಿರು ಹಿಡಿದಿದ್ದವರು ಎರಡು ಕಿಲೊ ಖಚಿತವಾದ ನೆಮ್ಮದಿಯಲ್ಲಿ ಸಿಕ್ಕ ಎಲೆಗೆ ತಳ್ಳುತ್ತಾರೆ. ಮೊದಲ ಐದಾರು ಕೈಗಳಲ್ಲಿ ನಿಮ್ಮ ಕಾಲ್ ಸಡಿಲವಾಗಲಿ, ಬರೀ ಹೆದರಿಸುವ ತಳ್ಳಾಟ ಕಡಿಮೆಯಾಗಲಿ. ಆಗ ಎಕ್ಕ-ರಾಜವನ್ನು ಎಸೆಯುವ ಮಾತೇ ಇಲ್ಲ.

ನಾಲ್ಕನೆಯವರಿಗೆ ಏನೂ ಇಲ್ಲವೇ? ಮೂವರೂ ಸೇರಿ ಒಂದಿಷ್ಟು ಕೊಡಬಾರದೇ?

ನಾಲ್ವರು ಇರುವಾಗಲೇ ಎಲ್ಲರೂ ಒಪ್ಪಿದರೆ ಕೊಡಬಹುದು. ಮೂವರ ಪಾಲಿನಿಂದ ಅರ್ಧ ಕಿಲೊ ತೆಗೆದು ನಾಲ್ಕನೆಯವರಿಗೆ ಇಡುವ ಸಲಹೆ ಆಗಾಗ ಬರುತ್ತದೆ, ಒಬ್ಬರು ಬೇಡ ಎಂದರೂ ಅದು ಬಿದ್ದುಹೋಗುತ್ತದೆ. ಬೇಡ ಎನ್ನುವವರು ಯಾವಾಗಲೂ ದೊಡ್ಡ ರಾಶಿಯವರೇ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಸದ್ಯಕ್ಕೆ ನಮ್ಮ ನಿಯಮ ಹೀಗಿದೆ: ಹೊಸ್ತಿಲು ಎಡವಿದವರು ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಬೇಕು. ಆ ಶ್ರಾವಣದ ರಾತ್ರಿ ನಾನು ಒಂಬತ್ತು ಜನರಿಗೆ ಮಾಡಿದೆ. ಕಾಕಾ ಸಕ್ಕರೆ ಕಡಿಮೆಯಾಗಿದೆ ಎಂದರು.